ಹಂದರದ ಹೂ ಮರುದಿನ ಎಲ್ಲಿಗೆ?

ದಾವಣಗೆರೆ ಸೀಮೆಯ ಮದುವೆಮನೆಯಲ್ಲಿ ಹೂವಿಗೆ ಹತ್ತಾರು ಕೆಲಸ. ಹಾಲುಗಂಬಕ್ಕೆ ಸುತ್ತುವ ಮಾಲೆ, ಬಾಗಿಲ ತೋರಣದಲ್ಲಿ ಮಾವಿನೆಲೆಯ ನಡುವೆ ಪೋಣಿಸುವ ಚೆಂಡುಹೂ, ಕಳಸದ ಪಕ್ಕಕ್ಕೆ ಅಡಿಕೆಯ ಹೊಂಬಾಳೆ, ಮದುಮಗಳ ಮುಡಿಗೆ ದಂಡೆ, ಜಡೆಗೆ ಮಲ್ಲಿಗೆ ಮೊಗ್ಗು, ವಧೂವರರು ಬದಲಾಯಿಸಿಕೊಳ್ಳುವ ಹಾರ, ಬಂದ ಮುತ್ತೈದೆಯರ ಕೈಗೆ ಅರಿಶಿನ ಕುಂಕುಮದ ಜೊತೆ ಕೊಡುವ ಒಂದು ತುಂಡು ಕನಕಾಂಬರ. ಈ ಪಟ್ಟಿಗೆ ಈಚಿನ ವರ್ಷಗಳಲ್ಲಿ ಇನ್ನೂ ಹಲವು ಸೇರಿವೆ: ಆರತಕ್ಷತೆಯ ವೇದಿಕೆಯ ಹಿಂದೆ ಗೋಡೆಯಷ್ಟೆತ್ತರ ನಿಲ್ಲುವ ಹೂವಿನ ಪರದೆ, ಅರಿಶಿನ ಶಾಸ್ತ್ರಕ್ಕೆ ಹಳದಿ ಚೆಂಡುಹೂವಿನ ಮಂಟಪ, ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಲೆಂದೇ ಸಿಂಗರಿಸುವ ಮೂಲೆ, ಮದುಮಗಳು ತೊಡುವ ಹೂವಿನ ಓಲೆ, ಸರ, ತೋಳುಬಂದಿ. ಹೂವಿನ ಬಳಕೆ ಹೆಚ್ಚಿದೆ. ಹೂವಲ್ಲದ್ದರ ಬಳಕೆ ಅದಕ್ಕಿಂತಲೂ ಹೆಚ್ಚಿದೆ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಒಂದೇ ಜಿಲ್ಲೆಯ ತಾಲ್ಲೂಕುಗಳಾದರೂ ಒಂದೇ ಬಗೆಯ ನೆಲವಲ್ಲ. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂತು. ನ್ಯಾಮತಿ ಆಮೇಲೆ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾಯಿತು. ಚನ್ನಗಿರಿಯ ಸುತ್ತ ಅಡಿಕೆ ತೋಟಗಳು, ಸೂಳೆಕೆರೆಯ ನೀರು, ಭದ್ರಾ ನಾಲೆಯ ಗದ್ದೆಗಳು. ಹೊನ್ನಾಳಿಯನ್ನು ತುಂಗಭದ್ರೆ ಮುಟ್ಟಿಕೊಂಡು ಹರಿಯುತ್ತಾಳೆ. ನ್ಯಾಮತಿಯ ಕಡೆ ಮಲೆನಾಡಿನ ಸೆರಗು ತಾಕುತ್ತದೆ. ಜಗಳೂರು ಮಳೆ ಕಡಿಮೆ ಬೀಳುವ ಬಯಲು. ಮದುವೆಯ ಹೂವನ್ನು ನೆಲಕ್ಕೆ, ನೀರಿಗೆ ಹೊರೆಯಾಗದಂತೆ ಜೋಡಿಸುವ ಬಗೆಯನ್ನು ಹುಡುಕುವವರಿಗೆ ಈ ವೈವಿಧ್ಯವೇ ದೊಡ್ಡ ಆಸ್ತಿ.

ಹಳೆಯ ಹಂದರದಲ್ಲಿ ಕಸವೆಂಬುದು ಬಹುತೇಕ ಇರಲಿಲ್ಲ. ತೆಂಗಿನ ಗರಿ, ಬಾಳೆಗಿಡ, ಮಾವಿನ ಸೊಪ್ಪು, ಬೆಂಡಿನ ಬಾಸಿಂಗ, ಬಾಳೆಪಟ್ಟೆಯ ಮೇಲೆ ಹೊಲಿದ ಮೊಗ್ಗಿನ ಜಡೆ, ಬಾಳೆನಾರಿನಲ್ಲೋ ಹತ್ತಿಯ ದಾರದಲ್ಲೋ ಕಟ್ಟಿದ ಮಾಲೆ. ಮದುವೆ ಮುಗಿದು ಹಂದರ ಬಿಚ್ಚಿದರೆ ಗರಿ ಒಲೆಗೆ, ಸೊಪ್ಪು ದನಕ್ಕೆ, ಬಾಡಿದ ಹೂ ತಿಪ್ಪೆಗೆ. ಹೂ ಕಟ್ಟುವುದನ್ನು ಹೂಗಾರರ ಮನೆಗಳು ತಲೆಮಾರುಗಳಿಂದ ಮಾಡಿಕೊಂಡು ಬಂದಿವೆ. ಶರಣ ಪರಂಪರೆಯಲ್ಲಿ ಹೂಗಾರ ಮಾದಯ್ಯನ ಹೆಸರು ನಿಂತಿರುವುದು ಆ ಕಾಯಕಕ್ಕೆ ಸಿಕ್ಕ ಗೌರವ. ಹೂವಿನ ಅಳತೆಯೂ ಮೈಯ ಅಳತೆಯೇ. ಮೊಣಕೈಯಿಂದ ಬೆರಳ ತುದಿಗೆ ಮೊಳ, ಚಾಚಿದ ಎರಡು ಕೈಗಳ ಅಗಲಕ್ಕೆ ಮಾರು. ಇವತ್ತಿಗೂ ಈ ಊರುಗಳಲ್ಲಿ ಸೇವಂತಿಗೆಯ ದರವನ್ನು ಮಾರಿನ ಲೆಕ್ಕದಲ್ಲೇ ಕೇಳುತ್ತಾರೆ.

ಮದುವೆ ಮನೆಯಂಗಳದಿಂದ ಕಲ್ಯಾಣ ಮಂಟಪಕ್ಕೆ ಹೋದಾಗ ಅಲಂಕಾರ ನೆಂಟರ ಕೈಯಿಂದ ಗುತ್ತಿಗೆಯವರ ಕೈಗೆ ಹೋಯಿತು. ಮಂಟಪ ಸಿಗುವುದು ಒಂದೂವರೆ ದಿನಕ್ಕೆ. ಹಿಂದಿನ ಮದುವೆಯವರು ಖಾಲಿ ಮಾಡಿದ ಮೇಲೆ ರಾತ್ರಿಯೊಳಗೆ ವೇದಿಕೆ ಎದ್ದು ನಿಲ್ಲಬೇಕು. ಒಂದೊಂದೇ ಹೂ ಪೋಣಿಸುತ್ತ ಕೂರುವಷ್ಟು ಹೊತ್ತು ಯಾರಿಗೂ ಇಲ್ಲ. ಜೊತೆಗೆ ಬಣ್ಣದ ರುಚಿಯೂ ಬದಲಾಯಿತು. ಹಳದಿ, ಕೇಸರಿ, ಕೆಂಪಿನ ಜಾಗಕ್ಕೆ ತಿಳಿ ಗುಲಾಬಿ, ಕೆನೆ ಬಿಳಿ, ತಿಳಿ ನೇರಳೆ ಬಂದವು. ಈ ಬಣ್ಣಗಳು ಊರ ಸಂತೆಯ ಹೂವಿನಲ್ಲಿ ಸಿಗುವುದು ಕಡಿಮೆ. ಹಸಿರುಮನೆಯ ಜರ್ಬೆರಾ, ಕಾರ್ನೇಷನ್, ಉದ್ದ ಕಾಂಡದ ಗುಲಾಬಿ, ಹತ್ತಿಯ ಚೂರಿನಂತೆ ಕಾಣುವ ಜಿಪ್ಸೋಫಿಲಾ ಬೆಂಗಳೂರಿನ ಮಾರುಕಟ್ಟೆಯಿಂದ ತಣ್ಣನೆಯ ಪೆಟ್ಟಿಗೆಗಳಲ್ಲಿ ಬರುತ್ತವೆ. ಕೆಲವು ಆರ್ಕಿಡ್‌ಗಳು ಥಾಯ್ಲೆಂಡಿನಿಂದ ವಿಮಾನ ಹತ್ತಿ ಬಂದವು. ಇಷ್ಟು ದೂರದ ಹೂವಿಗೆ ಹಣ ಸಾಲದವರಿಗೆ ಪ್ಲಾಸ್ಟಿಕ್ಕಿನದು ಸಿದ್ಧವಿದೆ. ಒಂದೇ ವೇದಿಕೆಯಲ್ಲಿ ಎದುರಿಗೆ ನಿಜದ ಹೂ, ಹಿಂದೆ ಪ್ಲಾಸ್ಟಿಕ್ ಹೂ ಇರುವುದು ಈಗ ತೀರ ಸಾಮಾನ್ಯ.

ಪರಿಸರದ ದೃಷ್ಟಿಯಿಂದ ತೊಂದರೆ ಕೊಡುವುದು ಹೂವಿಗಿಂತ ಹೆಚ್ಚಾಗಿ ಹೂವನ್ನು ಹಿಡಿದು ನಿಲ್ಲಿಸುವ ವಸ್ತುಗಳು. ಅವುಗಳಲ್ಲಿ ಮೊದಲನೆಯದು ಹಸಿರು ಇಟ್ಟಿಗೆಯಂತಿರುವ ಸ್ಪಂಜು. ಅಲಂಕಾರದವರು ಇದನ್ನು ಓಯಸಿಸ್ ಎಂದೂ ಕರೆಯುತ್ತಾರೆ. ಅಮೆರಿಕದ ಒಹಾಯೊದಲ್ಲಿ ವರ್ನನ್ ಸ್ಮಿದರ್ಸ್ ಎಂಬಾತ 1954ರಲ್ಲಿ ಮಾರುಕಟ್ಟೆಗೆ ತಂದ ಈ ವಸ್ತು ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್ ಸೇರಿ ಆಗುವ ರಾಳದ ನೊರೆ. ಅಂದರೆ ಅದೂ ಪ್ಲಾಸ್ಟಿಕ್ಕೇ. ನೀರು ಕುಡಿಸಿ ಕಾಂಡ ಚುಚ್ಚಿದರೆ ಹೂ ದಿನವಿಡೀ ಬಾಡದೆ ನಿಲ್ಲುತ್ತದೆ. ಕೆಲಸ ಸುಲಭವಾಗಿದ್ದರಿಂದಲೇ ಅದು ಜಗತ್ತಿನೆಲ್ಲೆಡೆ ಹರಡಿತು. ತೊಂದರೆ ಎದುರಾಗುವುದು ಕೆಲಸ ಮುಗಿದ ಮೇಲೆ. ಒಮ್ಮೆ ಚುಚ್ಚಿದ ಸ್ಪಂಜು ಮತ್ತೊಂದು ಮದುವೆಗೆ ಬರುವುದಿಲ್ಲ. ಬೆರಳಲ್ಲಿ ಒತ್ತಿದರೆ ಹಿಟ್ಟಿನಂತೆ ಉದುರುತ್ತದೆ, ಆ ಹಿಟ್ಟು ಮಣ್ಣಿನಲ್ಲಿ ಕರಗುವುದಿಲ್ಲ. ಆಸ್ಟ್ರೇಲಿಯಾದ ಮೆಲ್ಬರ್ನ್‌ನ ಆರ್‌ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ಈ ಸ್ಪಂಜಿನ ಸೂಕ್ಷ್ಮ ಕಣಗಳನ್ನು ಸಿಹಿನೀರಿನ ಮತ್ತು ಸಮುದ್ರದ ಜೀವಿಗಳು ನುಂಗುತ್ತವೆ, ಅದರಿಂದ ನೀರಿಗೆ ಬಿಡುವ ರಾಸಾಯನಿಕ ಅವುಗಳಿಗೆ ವಿಷಕಾರಿ ಎಂದು ತೋರಿಸಿದರು. ಲಂಡನ್ನಿನ ಹೆಸರಾಂತ ಚೆಲ್ಸೀ ಪುಷ್ಪ ಪ್ರದರ್ಶನದಲ್ಲಿ 2021ರಿಂದ ಈ ಸ್ಪಂಜಿಗೆ ಪ್ರವೇಶವಿಲ್ಲ. ಸೂಳೆಕೆರೆಯ ನೀರು ಚನ್ನಗಿರಿಯ ಗದ್ದೆಗಳಿಗಷ್ಟೇ ಅಲ್ಲ, ಚಿತ್ರದುರ್ಗದ ಕಡೆಯ ಜನರ ಕುಡಿಯುವ ಕೊಡಕ್ಕೂ ಹೋಗುತ್ತದೆ. ಕೆರೆಯಂಚಿನಲ್ಲಿ ಸುರಿಯುವ ಮಂಟಪದ ಕಸದಲ್ಲಿ ಈ ಹಿಟ್ಟು ಇದ್ದರೆ ಅದು ಯಾರ ಮನೆ ತಲುಪುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಇದಕ್ಕೆ ಪರ್ಯಾಯ ಈ ಸೀಮೆಯ ಪ್ರತಿ ಊರಿನ ಹಿತ್ತಿಲಲ್ಲೂ ಇದೆ: ಬಾಳೆದಿಂಡು. ಗೊನೆ ಕಡಿದ ಮೇಲೆ ತೋಟದಲ್ಲಿ ಬಿದ್ದಿರುವ ಬಾಳೆಯ ಕಂಬದಲ್ಲಿ ಬಹುಪಾಲು ನೀರೇ. ಅದನ್ನು ಬೇಕಾದ ಉದ್ದಕ್ಕೆ ಕತ್ತರಿಸಿ, ಬಿದಿರಿನ ಕಡ್ಡಿಯಿಂದ ತೂತು ಮಾಡಿ, ಓರೆಯಾಗಿ ಕೊಯ್ದ ಹೂವಿನ ಕಾಂಡ ಇಳಿಸಿದರೆ ಮುಹೂರ್ತ ಮುಗಿಯುವವರೆಗೆ ಹೂ ನಗುತ್ತಿರುತ್ತದೆ. ಮೇಲೆ ಒದ್ದೆ ಗೋಣಿ ಸುತ್ತಿದರೆ ಆರತಕ್ಷತೆಗೂ ಬಂದೀತು. ಸಂಜೆ ಆ ದಿಂಡು ದನದ ಮುಂದೆಯೋ ಗೊಬ್ಬರದ ಗುಂಡಿಗೋ ಬೀಳುತ್ತದೆ. ಎತ್ತರದ ಜೋಡಣೆಗೆ ಕಬ್ಬಿಣದ ತಂತಿಯ ಜಾಲರಿಯನ್ನು ಮುದ್ದೆ ಮಾಡಿ ಹಿತ್ತಾಳೆಯ ಹಂಡೆಯೊಳಗೆ ಇಟ್ಟರೆ ಸಾಕು, ಆ ಜಾಲರಿ ವರ್ಷಗಟ್ಟಲೆ ಬಾಳುತ್ತದೆ. ಜಪಾನಿನ ಇಕೆಬಾನ ಕಲೆಯವರು ಸೀಸದ ಪೀಠದ ಮೇಲೆ ಹಿತ್ತಾಳೆಯ ಮುಳ್ಳುಗಳಿರುವ ಪುಟ್ಟ ಸಾಧನದಲ್ಲಿ ಹೂ ಚುಚ್ಚುತ್ತಾರೆ. ಊಟದ ಮೇಜಿನ ಮೇಲಿನ ಸಣ್ಣ ಜೋಡಣೆಗೆ ಅದೂ ಒಳ್ಳೆಯದೇ. ಆದರೆ ಅಡಿಕೆಯ ನಡುವೆ ಬಾಳೆ ಬೆಳೆಯುವ ತಾಲ್ಲೂಕುಗಳಲ್ಲಿ ಬಾಳೆದಿಂಡಿನಷ್ಟು ಹೊಂದುವ ವಸ್ತು ಮತ್ತೊಂದಿಲ್ಲ.

ಪ್ಲಾಸ್ಟಿಕ್ ಹೂವಿನ ವಿಷಯ ಸ್ವಲ್ಪ ತೊಡಕಿನದು. ಒಂದೇ ಜೊತೆ ಹೂವನ್ನು ಹಲವು ಮದುವೆಗಳಿಗೆ ಬಳಸುತ್ತೇವೆ, ಹಾಗಾಗಿ ಕಸವೇ ಆಗುವುದಿಲ್ಲ ಎಂಬುದು ಅಲಂಕಾರದವರ ವಾದ. ಅದರಲ್ಲಿ ಸತ್ಯವಿಲ್ಲದೆ ಇಲ್ಲ. ಆದರೆ ಪಾಲಿಯೆಸ್ಟರ್ ಬಟ್ಟೆಯ ದಳ, ಪ್ಲಾಸ್ಟಿಕ್ಕಿನ ಕಾಂಡ, ಒಳಗೆ ತಂತಿ ಸೇರಿದ ಈ ಹೂ ಧೂಳು ಹಿಡಿದು ಬಣ್ಣಗೆಟ್ಟ ದಿನ ಯಾವ ಗುಜರಿಯವನೂ ಕೊಳ್ಳುವುದಿಲ್ಲ, ಏಕೆಂದರೆ ಮೂರನ್ನೂ ಬೇರ್ಪಡಿಸುವ ಕೂಲಿ ಹೂವಿನ ಬೆಲೆಗಿಂತ ಹೆಚ್ಚು. ಕೊನೆಗೆ ಅದು ಸುಡುವ ರಾಶಿಗೆ ಸೇರುತ್ತದೆ. ಇನ್ನೊಂದು ನಷ್ಟ ಕಣ್ಣಿಗೆ ಕಾಣದ್ದು. ವೇದಿಕೆಗೆ ಏರಿದ ಪ್ರತಿ ಪ್ಲಾಸ್ಟಿಕ್ ಮಾಲೆಯೂ ಹತ್ತಿರದ ಹೊಲದಲ್ಲಿ ಬೆಳೆದ ಒಂದು ಮಾಲೆಯ ಜಾಗವನ್ನು ಕಿತ್ತುಕೊಂಡಿರುತ್ತದೆ. ಮಹಾರಾಷ್ಟ್ರದ ಹೂ ಬೆಳೆಗಾರರು ಪ್ಲಾಸ್ಟಿಕ್ ಹೂವನ್ನು ನಿಷೇಧಿಸಬೇಕೆಂದು ಬಾಂಬೆ ಹೈಕೋರ್ಟಿನ ಮೆಟ್ಟಿಲು ಹತ್ತಿದ್ದು ಈ ಕಾರಣಕ್ಕೇ.

ಕಾನೂನು ಇಲ್ಲಿ ಅರ್ಧ ದಾರಿ ಬಂದು ನಿಂತಿದೆ. ಕರ್ನಾಟಕ 2016ರ ಮಾರ್ಚ್‌ನಲ್ಲಿ ಹೊರಡಿಸಿದ ಅಧಿಸೂಚನೆ ಪ್ಲಾಸ್ಟಿಕ್ ಕೈಚೀಲ, ಫ್ಲೆಕ್ಸ್, ಬಂಟಿಂಗ್, ತಟ್ಟೆ, ಲೋಟ, ಊಟದ ಮೇಜಿನ ಮೇಲೆ ಹಾಸುವ ಹಾಳೆ, ಥರ್ಮಾಕೋಲಿನ ಸಾಮಾನುಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ದೇಶಾದ್ಯಂತ ಜಾರಿಗೆ ಬಂದ ಏಕಬಳಕೆ ಪ್ಲಾಸ್ಟಿಕ್ ನಿಷೇಧದಲ್ಲಿ ಅಲಂಕಾರದ ಥರ್ಮಾಕೋಲ್ ಸೇರಿದೆ, ಲಗ್ನಪತ್ರಿಕೆಗೆ ಸುತ್ತುವ ಪಾರದರ್ಶಕ ಹಾಳೆಯೂ ಸೇರಿದೆ. ಪ್ಲಾಸ್ಟಿಕ್ ಹೂವಿನ ಹೆಸರು ಮಾತ್ರ ಆ ಪಟ್ಟಿಯಲ್ಲಿಲ್ಲ. ವಧೂವರರ ಹೆಸರನ್ನು ಥರ್ಮಾಕೋಲಿನಲ್ಲಿ ಕೊರೆದು ವೇದಿಕೆಗೆ ಅಂಟಿಸುವುದು ಕಾನೂನಿನ ಪ್ರಕಾರ ತಪ್ಪು ಎಂಬುದು ಎಷ್ಟೋ ಮನೆಗಳಿಗೆ ಗೊತ್ತೇ ಇಲ್ಲ. ಅದೇ ಹೆಸರನ್ನು ಅಡಿಕೆ ಹಾಳೆಯಲ್ಲಿ ಕತ್ತರಿಸಿ ಸುತ್ತ ಕಾಕಡ ಮೊಗ್ಗು ಅಂಟಿಸಿದರೆ ಹೆಚ್ಚು ಚೆಂದ. ಅಡಿಕೆ ಮರ ವರ್ಷಕ್ಕೆ ಐದಾರು ಹಾಳೆಗಳನ್ನು ತಾನಾಗಿಯೇ ಉದುರಿಸುತ್ತದೆ. ಚನ್ನಗಿರಿಯ ತೋಟಗಳಲ್ಲಿ ಹಾಳೆಗೆ ಎಂದಾದರೂ ಬರವೇ?

ದಾರದ ವಿಷಯವನ್ನು ಯಾರೂ ಗಮನಿಸುವುದಿಲ್ಲ. ಭಾರದ ಹಾರಕ್ಕೆ ನೈಲಾನ್ ದಾರ, ಹಾರದ ನಡುವೆ ಹೊಳೆಯುವ ಪ್ಲಾಸ್ಟಿಕ್ ಜರಿ, ಕುಚ್ಚಿನಲ್ಲಿ ಮಣಿ. ಇವು ಸೇರಿದ ಹಾರ ಗೊಬ್ಬರದ ಗುಂಡಿಗೆ ಬಿದ್ದರೆ ಹೂ ಕೊಳೆತು ದಾರ ಉಳಿಯುತ್ತದೆ, ಉಳಿದದ್ದು ಕುಂಟೆಗೂ ಎಮ್ಮೆಯ ಹೊಟ್ಟೆಗೂ ಸುತ್ತಿಕೊಳ್ಳುತ್ತದೆ. ಹತ್ತಿಯ ದಾರದಲ್ಲಿ ಕಟ್ಟಿಸಿಕೊಳ್ಳಲು ಹೆಚ್ಚು ಖರ್ಚೇನಿಲ್ಲ, ಮೊದಲೇ ಹೇಳಬೇಕಷ್ಟೆ.

ಸುಸ್ಥಿರ ಹೂವಿನ ಅಲಂಕಾರದ ತಿರುಳು ಇರುವುದು ಋತುವಿನಲ್ಲಿ. ಅಮೆರಿಕದಲ್ಲಿ ಡೆಬ್ರಾ ಪ್ರಿನ್ಸಿಂಗ್ ಎಂಬ ಲೇಖಕಿ ಹತ್ತಿರದ ಹೊಲದಲ್ಲಿ ಆಯಾ ಕಾಲಕ್ಕೆ ಬಿಟ್ಟ ಹೂವನ್ನೇ ಬಳಸುವ ಪದ್ಧತಿಯನ್ನು ಒಂದು ಚಳವಳಿಯಾಗಿ ಬೆಳೆಸಿದ್ದಾರೆ. ಕನ್ನಡದ ಹಳ್ಳಿಗಳಿಗೆ ಇದು ಹೊಸ ಪಾಠವಲ್ಲ, ಮರೆತ ರೂಢಿ. ಇಲ್ಲಿನ ಮದುವೆಗಳ ದೊಡ್ಡ ಹಂಗಾಮು ಮಾಘದಿಂದ ವೈಶಾಖ, ಜ್ಯೇಷ್ಠದವರೆಗೆ. ಆಷಾಢದಲ್ಲಿ ಮಂಟಪಗಳಿಗೆ ಬೀಗ. ಮತ್ತೆ ಶ್ರಾವಣದಲ್ಲಿ, ಕಾರ್ತಿಕದ ನಂತರ ಮುಹೂರ್ತಗಳು. ಮಲ್ಲಿಗೆ ಹೇರಳವಾಗಿ ಬಿಡುವುದು ಮಾರ್ಚಿನಿಂದ ಜೂನ್‌ವರೆಗೆ, ಅಂದರೆ ಮದುವೆಯ ಹಂಗಾಮಿನಲ್ಲೇ. ಪಕ್ಕದ ವಿಜಯನಗರ ಜಿಲ್ಲೆಯ ಹಡಗಲಿ ಮಲ್ಲಿಗೆಗೆ ಭೌಗೋಳಿಕ ಸೂಚಿಯ ಮಾನ್ಯತೆ ಇದೆ. ಹಿಂದೆ ಆ ಊರಿನಿಂದ ಹಂಪೆಗೆ ಹೂ ಹಡಗಿನಲ್ಲಿ ಹೋಗುತ್ತಿತ್ತು, ಅದರಿಂದಲೇ ಹೂವಿನಹಡಗಲಿ ಎಂಬ ಹೆಸರು ಬಂತು ಎಂದು ಜನ ನಂಬುತ್ತಾರೆ. ಆ ಹಡಗು ತೇಲಿದ ಹೊಳೆ ಹೊನ್ನಾಳಿಯ ಮುಂದೆ ಹರಿಯುವ ಇದೇ ತುಂಗಭದ್ರೆ. ಇಷ್ಟು ಹತ್ತಿರದಲ್ಲಿ ಇಂಥ ಮಲ್ಲಿಗೆ ಇರುವಾಗ ವೈಶಾಖದ ಮದುವೆಗೆ ಬಣ್ಣ ಅದ್ದಿದ ಜಿಪ್ಸೋಫಿಲಾ ತರಿಸುವುದಕ್ಕೆ ಸಮರ್ಥನೆ ಸಿಗುವುದು ಕಷ್ಟ.

ಸೇವಂತಿಗೆಯ ಸ್ವಭಾವ ಬೇರೆ. ರಾತ್ರಿ ಉದ್ದವಾದಾಗ ಮಾತ್ರ ಮೊಗ್ಗು ಕಟ್ಟುವ ಗಿಡ ಅದು. ಹಾಗಾಗಿ ಅದರ ಸಹಜ ಸುಗ್ಗಿ ಚಳಿಗಾಲದ ಸುತ್ತಮುತ್ತ. ಚಿಕ್ಕಬಳ್ಳಾಪುರದ ಕಡೆಯ ಹೊಲಗಳಲ್ಲಿ ರಾತ್ರಿ ಸಾಲುಸಾಲು ಬಲ್ಬು ಉರಿಯುವುದು ಕಂಡರೆ ಅದು ಗಿಡಕ್ಕೆ ಹಗಲೆಂಬ ಭ್ರಮೆ ಹುಟ್ಟಿಸಿ ಹೂ ಬಿಡುವುದನ್ನು ಮುಂದೂಡುವ ಉಪಾಯ. ಕಾರ್ತಿಕದ ನಂತರದ ಮದುವೆಗೆ ಸೇವಂತಿಗೆ, ಬೇಸಿಗೆಯ ಮದುವೆಗೆ ಮಲ್ಲಿಗೆ ಎಂದು ಆರಿಸಿಕೊಂಡರೆ ಆ ವಿದ್ಯುತ್ತೂ ಉಳಿಯುತ್ತದೆ, ದರವೂ ಇಳಿಯುತ್ತದೆ. ಕನಕಾಂಬರ ಹೆಚ್ಚುಕಡಿಮೆ ವರ್ಷವಿಡೀ ಸಿಗುತ್ತದೆ. ಸುಗಂಧರಾಜದ ಗೆಡ್ಡೆ ಒಮ್ಮೆ ನೆಟ್ಟರೆ ಎರಡು-ಮೂರು ವರ್ಷ ಹೂ ಕೊಡುತ್ತದೆ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ಅರ್ಕಾ ಪ್ರಜ್ವಲ್‌ನಂಥ ತಳಿಗಳು ಹಾರಕ್ಕೂ ಹೂದಾನಿಗೂ ಹೊಂದುತ್ತವೆ.

ಜಗಳೂರಿನ ಒಣನೆಲದಲ್ಲಿ ಚೆಂಡುಹೂವಿಗೆ ವಿಶೇಷ ಸ್ಥಾನ ಸಿಗಬೇಕು. ಹನಿ ನೀರಾವರಿಯಲ್ಲಿ ಸ್ವಲ್ಪ ನೀರಿಗೇ ಒಗ್ಗುವ ಬೆಳೆ, ಸಸಿ ನಾಟಿ ಮಾಡಿದ ಸುಮಾರು ಎರಡು ತಿಂಗಳಿಗೆ ಕೊಯ್ಲಿಗೆ ಬರುತ್ತದೆ. ಬೇರಿನಿಂದ ಹೊರಡುವ ರಾಸಾಯನಿಕ ಮಣ್ಣಿನ ಜಂತುಹುಳುಗಳನ್ನು ಹತ್ತಿಕ್ಕುವುದರಿಂದ ಮುಂದಿನ ಬೆಳೆಗೂ ಒಳ್ಳೆಯದು. ಲಗ್ನ ಗೊತ್ತಾಗುವುದು ಸಾಮಾನ್ಯವಾಗಿ ಎರಡು-ಮೂರು ತಿಂಗಳು ಮೊದಲು. ಆ ವಾರವೇ ಊರಿನ ಒಬ್ಬ ಬೆಳೆಗಾರರಿಗೆ ಇಂಥ ದಿನಕ್ಕೆ ಇಷ್ಟು ಹೂ ಬೇಕು ಎಂದು ಹೇಳಿ ಮುಂಗಡ ಕೊಟ್ಟರೆ ಅರಿಶಿನ ಶಾಸ್ತ್ರದ ಮಂಟಪಕ್ಕೆ ಬೇಕಾದಷ್ಟು ಚೆಂಡುಹೂ ಅದೇ ಹೊಲದಲ್ಲಿ ಅರಳುತ್ತದೆ. ಮುಹೂರ್ತದ ದಿನ ಹೂವಿನ ದರ ಏರುವುದು ಎಲ್ಲರೂ ಒಂದೇ ಮಾರುಕಟ್ಟೆಗೆ ಒಂದೇ ಬೆಳಿಗ್ಗೆ ಓಡುವುದರಿಂದ. ಮೊದಲೇ ಆಡಿದ ಮಾತಿನಿಂದ ಕೊಳ್ಳುವವರೂ ಬೆಳೆಯುವವರೂ ಆ ಏರಿಳಿತದಿಂದ ಪಾರಾಗುತ್ತಾರೆ. ಅಲಂಕಾರಕ್ಕೆ ಹೂವೊಂದೇ ಬೇಕೆಂದೂ ಇಲ್ಲ. ಜಗಳೂರಿನ ಜೋಳದ ತೆನೆ, ನವಣೆಯ ತೆನೆ, ಮೆಕ್ಕೆಜೋಳದ ಒಣಸಿಪ್ಪೆ, ಹೊನ್ನಾಳಿಯ ಭತ್ತದ ಕದಿರು ಇವೆಲ್ಲ ಕಂದು, ಕೆನೆ ಬಣ್ಣದ ಸೊಗಸಾದ ತೋರಣವಾಗುತ್ತವೆ. ತಿಳಿ ಬಣ್ಣವೇ ಬೇಕೆನ್ನುವ ಈಗಿನ ವಧೂವರರ ಆಸೆಯೂ ಅದರಲ್ಲಿ ತೀರುತ್ತದೆ, ಮದುವೆ ಮುಗಿದ ಮೇಲೆ ತೆನೆ ಹಕ್ಕಿಗೂ ದನಕ್ಕೂ ಆಗುತ್ತದೆ.

ಹೊಂಬಾಳೆಯ ವಿಷಯದಲ್ಲಿ ಒಂದು ಎಚ್ಚರ ಬೇಕು. ಹಾಳೆ ಬಿರಿದು ಹೊರಬರುವ ಆ ಹೊನ್ನಿನ ಬಣ್ಣದ ಗೊಂಚಲು ಅಡಿಕೆ ಸೀಮೆಯ ಮಂಗಳಕಾರ್ಯಗಳ ಮುಖ್ಯ ಅಲಂಕಾರ. ಆದರೆ ಒಂದು ಮರ ವರ್ಷಕ್ಕೆ ಬಿಡುವ ಹೊಂಬಾಳೆ ಬೆರಳೆಣಿಕೆಯಷ್ಟು. ಕೊಯ್ದ ಒಂದೊಂದೂ ಮುಂದೆ ಬರಬೇಕಿದ್ದ ಒಂದು ಗೊನೆ. ಕಳಸದ ಪಕ್ಕ ಎರಡು ಹೊಂಬಾಳೆ ಇಡುವುದು ಸಂಪ್ರದಾಯ, ವೇದಿಕೆಯ ಉದ್ದಕ್ಕೂ ಐವತ್ತು ತೂಗುಹಾಕುವುದು ತೋಟಕ್ಕೆ ಮಾಡುವ ನಷ್ಟ. ಈಚೆಗೆ ಚಿತ್ರಗಳಲ್ಲಿ ಚೆಂದ ಕಾಣುತ್ತದೆಂದು ಇಂಥ ವೇದಿಕೆಗಳು ಹೆಚ್ಚುತ್ತಿವೆ. ಊರಿನದ್ದು, ಸಹಜವಾದದ್ದು ಎಂಬ ಒಂದೇ ಕಾರಣಕ್ಕೆ ಯಾವುದೂ ಸುಸ್ಥಿರವಾಗುವುದಿಲ್ಲ, ಎಷ್ಟು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಕಾಡಿನ ಹೂವಿಗೂ ಈ ಮಾತು ಸಲ್ಲುತ್ತದೆ. ನ್ಯಾಮತಿ ತಾಲ್ಲೂಕಿನ ಸುರಹೊನ್ನೆ ಎಂಬ ಊರಿನ ಹೆಸರು ಪರಿಮಳದ ಬಿಳಿ ಹೂ ಬಿಡುವ ಮರದ್ದೂ ಹೌದು. ಸುರಗಿಯಂತೂ ಒಣಗಿದ ಮೇಲೂ ಪರಿಮಳ ಕಳೆದುಕೊಳ್ಳದ ಹೂ. ಇಂಥ ಮರಗಳನ್ನು ಬೇಲಿಯಂಚಿನಲ್ಲಿ ನೆಟ್ಟು ಬೆಳೆಸಿಕೊಂಡರೆ ಸರಿ, ಮದುವೆಗಾಗಿ ಕಾಡಿನ ಮರದ ಕೊಂಬೆ ಸವರಿ ತರುವುದು ಸಲ್ಲದು.

ಬಾಡದ ಹಾರಗಳ ಸಂಪ್ರದಾಯವೂ ನೆರೆಯಲ್ಲೇ ಇದೆ. ಹಾವೇರಿಯ ಏಲಕ್ಕಿ ಹಾರ ನಾಡಿನಲ್ಲೆಲ್ಲ ಹೆಸರುವಾಸಿ. ಮದುವೆಯ ನಂತರ ಅದನ್ನು ಗಾಜಿನ ಪೆಟ್ಟಿಗೆಯಲ್ಲಿ ವರ್ಷಾನುಗಟ್ಟಲೆ ಇಟ್ಟುಕೊಳ್ಳುವ ಮನೆಗಳಿವೆ. ರೇಷ್ಮೆಗೂಡನ್ನು ಕತ್ತರಿಸಿ ದಳದಂತೆ ಜೋಡಿಸಿದ ಹಾರವೂ ಕರ್ನಾಟಕದ ರೇಷ್ಮೆ ಸೀಮೆಯ ಕೈಕಸುಬು. ಇನ್ನು ಕುಂಡದಲ್ಲಿರುವ ಗಿಡಗಳನ್ನು ನರ್ಸರಿಯಿಂದ ಬಾಡಿಗೆಗೆ ತಂದು ಹಜಾರದ ಎರಡೂ ಬದಿ ಇಡುವುದು ಎಲ್ಲಕ್ಕಿಂತ ಸರಳ. ಬೆಳಗಿನ ಧಾರೆಗೆ ಕಟ್ಟಿದ ಮಾಲೆಗಳನ್ನು ಬಿಚ್ಚಿ ಎಸೆಯದೆ ಸಂಜೆಯ ಆರತಕ್ಷತೆಗೆ ಜಾಗ ಬದಲಿಸಿ ಕಟ್ಟುವುದೂ ಅಷ್ಟೇ ಸುಲಭ. ಒಂದು ಸಣ್ಣ ಸೂಕ್ಷ್ಮವನ್ನು ಅಲಂಕಾರದವರು ತಿಳಿದಿರಬೇಕು: ಮಾಗಿದ ಬಾಳೆಹಣ್ಣು ಎಥಿಲೀನ್ ಅನಿಲ ಬಿಡುತ್ತದೆ, ಹಣ್ಣಿನ ಗೊನೆಯಿಟ್ಟ ಕೋಣೆಯಲ್ಲೇ ಹೂ ಇಟ್ಟರೆ ಅದು ಬೇಗ ಬಾಡುತ್ತದೆ.

ಕಡಿಮೆ ಹೂವಿನ ಮದುವೆಗೂ ಈ ನಾಡಿನಲ್ಲಿ ಘನವಾದ ಮಾದರಿಯಿದೆ. ಕುವೆಂಪು ರೂಪಿಸಿದ ಮಂತ್ರಮಾಂಗಲ್ಯದಲ್ಲಿ ಆಡಂಬರಕ್ಕೆ ಜಾಗವಿಲ್ಲ. ಅವರ ಮಗ ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿಯವರ ಮದುವೆ 1966ರಲ್ಲಿ ಹಾಗೆಯೇ ನಡೆಯಿತು. ಧರ್ಮಸ್ಥಳದಲ್ಲಿ 1972ರಿಂದ ನಡೆಯುತ್ತಿರುವ ಸಾಮೂಹಿಕ ವಿವಾಹಗಳಲ್ಲಿ ನೂರಾರು ಜೋಡಿಗಳಿಗೆ ಒಂದೇ ಹಂದರ. ಮಧ್ಯ ಕರ್ನಾಟಕದ ಮಠಗಳಲ್ಲೂ ಸಾಮೂಹಿಕ ಮದುವೆ ರೂಢಿಯಲ್ಲಿದೆ. ಇವು ಪರಿಸರದ ಹೆಸರಿನಲ್ಲಿ ಹುಟ್ಟಿದವಲ್ಲ, ಸಾಲದಿಂದ ಜನರನ್ನು ಕಾಪಾಡಲು ಹುಟ್ಟಿದವು. ಫಲ ಮಾತ್ರ ಎರಡೂ ಕಡೆ ಸಿಕ್ಕಿದೆ.

ಉಳಿಯುವುದು ಮರುದಿನದ ಹೂ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ನೂರಕ್ಕಿಂತ ಹೆಚ್ಚು ಜನ ಸೇರುವ, ಪರವಾನಗಿಯಿಲ್ಲದ ಜಾಗದ ಸಮಾರಂಭಕ್ಕೆ ಮೂರು ಕೆಲಸದ ದಿನ ಮೊದಲೇ ಸ್ಥಳೀಯ ಸಂಸ್ಥೆಗೆ ತಿಳಿಸಬೇಕು, ಕಸವನ್ನು ಅಲ್ಲೇ ವಿಂಗಡಿಸಬೇಕು ಎಂದವು. ಮಂಟಪದ ಹಿಂಬದಿಯಲ್ಲಿ ಊಟದೆಲೆ, ನೀರಿನ ಬಾಟಲಿ, ಹೂ ಒಟ್ಟಿಗೆ ಬಿದ್ದ ಮೇಲೆ ಯಾವ ನಿಯಮದಿಂದಲೂ ಪ್ರಯೋಜನವಿಲ್ಲ. ಹೂವಿಗೆ ಬೇರೆ ಗೋಣಿಚೀಲ ಇಡುವುದು ಮೊದಲ ಹೆಜ್ಜೆ. ಹೂವು ಪವಿತ್ರವೆಂದು ಹೊಳೆಗೆ ಬಿಡುವ ಅಭ್ಯಾಸವನ್ನೂ ಬಿಡಬೇಕಾಗಿದೆ. ರಾಶಿ ಹೂ ನೀರಿನಲ್ಲಿ ಕೊಳೆಯುವಾಗ ಮೀನಿಗೆ ಬೇಕಾದ ಆಮ್ಲಜನಕವನ್ನು ಹೀರಿಕೊಳ್ಳುತ್ತದೆ, ಬೆಳೆಗೆ ಹೊಡೆದ ಕೀಟನಾಶಕದ ಉಳಿಕೆಯೂ ನೀರಿಗೆ ಸೇರುತ್ತದೆ. ಕಾನ್ಪುರದಲ್ಲಿ ಗಂಗೆಗೆ ಸೇರುತ್ತಿದ್ದ ದೇವಸ್ಥಾನದ ಹೂವನ್ನು ಸಂಗ್ರಹಿಸಿ ಅಗರಬತ್ತಿ ಮಾಡುವ ಫೂಲ್ ಎಂಬ ಉದ್ಯಮ ದೇಶದ ಗಮನ ಸೆಳೆದಿದೆ. ಚೆಂಡುಹೂವಿನ ದಳವನ್ನು ನೆರಳಲ್ಲಿ ಒಣಗಿಸಿ ಕುದಿಸಿ, ಪಟಿಕದ ನೀರಿನಲ್ಲಿ ನೆನೆಸಿದ ಹತ್ತಿ ಅಥವಾ ರೇಷ್ಮೆ ಬಟ್ಟೆಗೆ ಹಾಕಿದರೆ ಹೊನ್ನಿನ ಹಳದಿ ಹಿಡಿಯುತ್ತದೆ. ಸ್ವಸಹಾಯ ಸಂಘಗಳು ಕೈಗೆತ್ತಿಕೊಳ್ಳಬಹುದಾದ ಕೆಲಸ ಇದು.

ಅಷ್ಟು ಆಗದವರಿಗೆ ಗೊಬ್ಬರದ ಗುಂಡಿಯಿದೆ. ಒಂದು ಪದರ ಒಣಗಿದ ತರಗೆಲೆ, ಒಂದು ಪದರ ಹೂ, ಮೇಲೆ ಸಗಣಿಯ ಬಗ್ಗಡ, ವಾರಕ್ಕೊಮ್ಮೆ ತಿರುವಿ ಹಾಕುವುದು. ಮಂಟಪಕ್ಕೂ ಅಲಂಕಾರದವರಿಗೂ ಮುಂಗಡ ಕೊಡುವ ದಿನವೇ ಮನೆಯ ಹಿರಿಯರು ಚೀಟಿಯಲ್ಲಿ ಬರೆಸಿಕೊಳ್ಳಲಿ: ಸ್ಪಂಜು ಬೇಡ, ಥರ್ಮಾಕೋಲ್ ಬೇಡ, ಹತ್ತಿಯ ದಾರದಲ್ಲೇ ಕಟ್ಟಬೇಕು, ಹೂ ಕಟ್ಟುವ ಹೆಂಗಸರ ಕೂಲಿಯಲ್ಲಿ ಚೌಕಾಸಿ ಮಾಡುವುದಿಲ್ಲ. ಹಾಗೆ ಕಟ್ಟಿದ ಯುಗಾದಿ ಕಾಲದ ಮದುವೆಯ ಹೂ ಮರುದಿನವೇ ಗುಂಡಿ ಸೇರಿದರೆ ಮುಂಗಾರಿನಲ್ಲಿ ಅಡಿಕೆ ಸಸಿ ನೆಡುವ ಹೊತ್ತಿಗೆ ಗೊಬ್ಬರವಾಗಿರುತ್ತದೆ.